ದೊಡ್ಡಪ್ಪನ ರಾಲೆ ಮತ್ತೆ ನಂದಿ ಹತ್ತುತ್ತಾ?

ಪ್ರಶ್ನೆ: ನಾನು ಚಿಂತಾಮಣಿ ಕಡೆಯ ಹೈಸ್ಕೂಲ್ ಮೇಷ್ಟ್ರು, ವಯಸ್ಸು 43. ನಮ್ಮ ದೊಡ್ಡಪ್ಪ 1985ರಲ್ಲಿ ಇಂಗ್ಲೆಂಡಿನಿಂದ ವಾಪಸ್ ಬರುವಾಗ ಒಂದು ರಾಲೆ ರೇಸ್ ಸೈಕಲ್ ತಂದಿದ್ದರು. ಅದು ಇಷ್ಟು ವರ್ಷ ನಮ್ಮ ರೇಷ್ಮೆ ಹುಳು ಮನೆಯ ಅಟ್ಟದಲ್ಲಿ, ಹುಳು ಗೂಡು ಕಟ್ಟುವ ಹಳೇ ಚಂದ್ರಂಕಿಗಳ ಹಿಂದೆ ಬಿದ್ದಿತ್ತು. ಹೋದ ತಿಂಗಳು ಇಳಿಸಿ, ಒರೆಸಿ, ಕೈವಾರದವರೆಗೆ ಓಡಿಸಿದೆ. ಓಡುತ್ತದೆ. ಆದರೆ ಏರು ಬಂದರೆ ಗೇರ್ ಜಾರುತ್ತದೆ, ಬ್ರೇಕ್ ಹಿಡಿದರೂ ಸೈಕಲ್ ನಿಲ್ಲುವುದಿಲ್ಲ, ಟೈರ್ ಬಿರುಕು ಬಿಟ್ಟಿದೆ. ಇಲ್ಲಿಯ ಅಂಗಡಿಯವರು 28ರ ಟೈರ್ ಹಾಕೋಣ ಎನ್ನುತ್ತಾರೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ, ಹಳೆಯದೆಲ್ಲ ಕಿತ್ತು 11 ಸ್ಪೀಡ್ ಗೇರ್ ಸೆಟ್ ಹಾಕಿಸಿ, ಇಲ್ಲದಿದ್ದರೆ ಗೋಡೆಗೆ ನೇತುಹಾಕಿ ಎಂದರು. ಅವರು ಹೇಳಿದ ಖರ್ಚಿಗೆ ಹೊಸ ಸೈಕಲ್ಲೇ ಬರುತ್ತದೆ. ಏನು ಮಾಡಲಿ? ಇದರಲ್ಲೇ ನಂದಿ ಬೆಟ್ಟ ಹತ್ತಬೇಕು ಅನ್ನೋದು ನನ್ನಾಸೆ.

ಉತ್ತರ: ಮೇಷ್ಟ್ರೇ, ನೀವು ಕಳಿಸಿದ ಫೋಟೋಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿದೆ. ಸೀಟಿನ ಕೆಳಗಿನ ಪೈಪಿನ ಮೇಲೆ ಅರ್ಧ ಸವೆದ ಸ್ಟಿಕ್ಕರ್ ಒಂದಿದೆ. ಅದರಲ್ಲಿ 531 ಅನ್ನೋ ಅಂಕಿ ಕಾಣುತ್ತದೆ. ಅದು ಕಂಡ ಮೇಲೆ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಮಾರಬೇಡಿ. ಗೋಡೆಗೂ ಬೇಡ. 11 ಸ್ಪೀಡೂ ಬೇಡ.

531 ಅಂದರೆ ಇಂಗ್ಲೆಂಡಿನ ರೆನಾಲ್ಡ್ಸ್ ಕಂಪನಿಯವರು 1935ರಲ್ಲಿ ತಂದ ಉಕ್ಕಿನ ಪೈಪು. ಮ್ಯಾಂಗನೀಸ್, ಮಾಲಿಬ್ಡಿನಂ ಬೆರೆಸಿದ ಉಕ್ಕು. ಬೆಸುಗೆ ಬರುವ ತುದಿಯಲ್ಲಿ ದಪ್ಪ, ನಡುವೆ ತೆಳು. ಹಗುರವಾಗಿಯೂ ಇರುತ್ತದೆ, ಗಟ್ಟಿಯಾಗಿಯೂ ಇರುತ್ತದೆ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ರೇಸುಗಳನ್ನು ಗೆದ್ದ ಎಷ್ಟೋ ಸೈಕಲ್‌ಗಳು ಇದೇ ಪೈಪಿನವು. ನಿಮ್ಮ ಅಟ್ಟ ಒಣಗಿದ ಜಾಗವಾದ್ದರಿಂದ ಫ್ರೇಮಿಗೆ ತುಕ್ಕು ಹತ್ತಿಲ್ಲ. ಮಂಗಳೂರಿನ ಕಡೆ ಇದ್ದಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ನಿಮ್ಮ ಸೈಕಲ್ಲಿನಲ್ಲಿ ದುಡ್ಡು ಹಾಕಬೇಕಾದದ್ದು ನಾಲ್ಕೇ ಕಡೆ. ಟೈರು, ಬ್ರೇಕಿನ ರಬ್ಬರು ಮತ್ತು ಕೇಬಲ್ಲು, ಹಿಂದಿನ ಫ್ರೀವೀಲು (ಹಿಂದಿನ ಚಕ್ರದ ಹಲ್ಲುಗಳ ಗುಂಪು) ಮತ್ತು ಚೈನು, ಆಮೇಲೆ ಹ್ಯಾಂಡಲ್. ಉಳಿದದ್ದನ್ನೆಲ್ಲ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಮತ್ತೆ ಕೂರಿಸಬೇಕು, ಅಷ್ಟೇ. ಆ ಕಾಲದ ಸಾಮಾನಿನ ದೊಡ್ಡ ಗುಣ ಅದು. ಎಲ್ಲವೂ ಬಿಚ್ಚಿಕೊಳ್ಳುತ್ತವೆ. ಈಗಿನದ್ದರಲ್ಲಿ ಎಷ್ಟೋ ಭಾಗ ಸೀಲ್ ಆಗಿ ಬರುತ್ತವೆ, ಕೆಟ್ಟರೆ ಎಸೆದು ಹೊಸದು ಹಾಕಬೇಕು. ನಿಮ್ಮದನ್ನು ಚಿಂತಾಮಣಿಯ ಒಬ್ಬ ತಾಳ್ಮೆಯ ಮೆಕ್ಯಾನಿಕ್ ಸ್ಪ್ಯಾನರ್, ಸೀಮೆಎಣ್ಣೆ, ಗ್ರೀಸ್ ಇಟ್ಟುಕೊಂಡೇ ಸರಿಮಾಡಬಹುದು. ನೀವೇ ಕೂತು ಮಾಡಿದರಂತೂ ಇನ್ನೂ ಒಳ್ಳೆಯದು.

ಮೊದಲು ಟೈರಿನ ವಿಷಯ ಹೇಳುತ್ತೇನೆ. ಇದು ಪ್ರಾಣಕ್ಕೆ ಸಂಬಂಧಪಟ್ಟದ್ದು.

28ರ ಟೈರ್ ಹಾಕಲೇಬೇಡಿ. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತಲ್ಲ. ಸೈಕಲ್ ಟೈರಿನ ಇಂಚಿನ ಲೆಕ್ಕವೇ ಹಾಗೆ, ಎಂಥವರನ್ನೂ ದಾರಿ ತಪ್ಪಿಸುತ್ತದೆ. ನಿಮ್ಮ ಟೈರಿನ ಪಕ್ಕದಲ್ಲಿ 27 ಇಂಟು 1¼ ಅಂತ ಇದೆ. ಅದರ ಹತ್ತಿರವೇ ಸಣ್ಣದಾಗಿ 32-630 ಅಂತ ಇರಬೇಕು, ನೋಡಿ. ಆ 630 ಅನ್ನೋದೇ ನಿಜವಾದ ಅಳತೆ. ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ ಅದು, ಮಿಲಿಮೀಟರ್ ಲೆಕ್ಕದಲ್ಲಿ. ನಮ್ಮ ಹಾಲಿನವರ ದೊಡ್ಡ ಸೈಕಲ್ಲಿನ 28 ಇಂಟು 1½ ಟೈರಿನದು 635. ಈಗಿನ ರೋಡ್ ಬೈಕುಗಳ 700ಸಿ ಟೈರಿನದು 622. ಸಾಲದ್ದಕ್ಕೆ ಈ 700ಸಿ ಟೈರಿನ ಮೇಲೂ ಎಷ್ಟೋ ಸಲ 28 ಅಂತಲೇ ಬರೆದಿರುತ್ತಾರೆ! ಮೂರೂ ಬೇರೆ ಬೇರೆ. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.

700ಸಿ ಟೈರ್ ನಿಮ್ಮ ರಿಮ್ಮಿಗೆ ಹತ್ತುವುದೇ ಇಲ್ಲ, ಹಾಗಾಗಿ ಅಪಾಯ ಇಲ್ಲ. 635 ಮಾತ್ರ ಸುಲಭವಾಗಿ ಹತ್ತಿಬಿಡುತ್ತದೆ. ಕೈಯಲ್ಲೇ ಕೂರಿಸಬಹುದು, ಲಿವರ್ ಕೂಡ ಬೇಡ. ಆ ಸುಲಭವೇ ಕೆಟ್ಟದ್ದು. ಕಾಲೇಜು ದಿನಗಳಲ್ಲಿ ನಾನು ಇದೇ ಕೆಲಸ ಮಾಡಿದ್ದೆ. ಗಾಳಿ ಹಾಕಿದಾಗ ಟೈರ್ ಒಂದು ಕಡೆ ಸ್ವಲ್ಪ ಮೇಲೆದ್ದ ಹಾಗಿತ್ತು, ಓಡಿಸುತ್ತಾ ಸರಿಹೋಗುತ್ತದೆ ಅಂದುಕೊಂಡೆ. ನಂದಿ ಕ್ರಾಸ್ ಹತ್ತಿರ ಇಳಿಜಾರಿನಲ್ಲಿ ಮುಂದಿನ ಟೈರ್ ರಿಮ್ಮಿನಿಂದ ಹೊರಗೆ ಬಂತು. ಟ್ಯೂಬ್ ಪಟಾಕಿಯಂತೆ ಸಿಡಿಯಿತು. ಮೊಣಕೈಯ ಚರ್ಮ ಪೂರ್ತಿ ಹೋಯಿತು. ಹಿಂದೆ ಬಸ್ ಇರಲಿಲ್ಲ, ಬದುಕಿದೆ.

ಹಾಗಾದರೆ ಏನು ಹಾಕಬೇಕು? ಒಂದು ಅಯಸ್ಕಾಂತ ತಗೊಂಡು ರಿಮ್ಮಿಗೆ ಹಿಡಿಯಿರಿ. ಫ್ರಿಜ್ಜಿಗೆ ಅಂಟಿಸುವಂಥದ್ದು ಸಾಕು. ಅಂಟಿಕೊಳ್ಳದಿದ್ದರೆ ರಿಮ್ ಅಲ್ಯೂಮಿನಿಯಂ. ಹಾಗಿದ್ದರೆ ರಿಮ್ ಉಳಿಸಿಕೊಳ್ಳಿ, 630ರ ಟೈರನ್ನೇ ತರಿಸಿಕೊಳ್ಳಿ. ಅಂಗಡಿಯಲ್ಲಿ ನೇತುಹಾಕಿರುವುದಿಲ್ಲ, ಆದರೆ ಇವತ್ತಿಗೂ ತಯಾರಾಗುತ್ತದೆ. ಆನ್‌ಲೈನಿನಲ್ಲಿ ಹುಡುಕುವಾಗ ಇಂಚು ಬಿಟ್ಟು 630 ಅಂತಲೇ ಹುಡುಕಿ. ಸಿಕ್ಕಾಗ ಎರಡರ ಬದಲು ಮೂರು ತಗೊಳ್ಳಿ. ಗಾಳಿಯನ್ನು 70 ಪೌಂಡಿನ ಆಸುಪಾಸಿನಲ್ಲೇ ಇಡಿ. ಆ ಕಾಲದ ಎಷ್ಟೋ ರಿಮ್ಮುಗಳ ಒಳ ಅಂಚು ನೇರವಾಗಿರುತ್ತದೆ. ಟೈರನ್ನು ಹಿಡಿದಿಡುವ ಕೊಕ್ಕೆಯಂಥ ಮಡಿಕೆ ಇರುವುದಿಲ್ಲ. ಜಾಸ್ತಿ ಒತ್ತಡ ತುಂಬಿದರೆ ಸರಿಯಾದ ಟೈರೂ ಎದ್ದು ಬರಬಹುದು.

ಅಯಸ್ಕಾಂತ ಅಂಟಿಕೊಂಡರೆ ರಿಮ್ ಉಕ್ಕಿನದು, ಮೇಲೆ ಕ್ರೋಮ್. ಅದನ್ನು ಇಟ್ಟುಕೊಳ್ಳಬೇಡಿ. ಒಣಗಿದ್ದಾಗ ಹೇಗೋ ನಿಲ್ಲುತ್ತದೆ. ಮಳೆಯಲ್ಲಿ ನೆನೆದ ಕ್ರೋಮ್ ಮೇಲೆ ರಬ್ಬರ್ ಹಿಡಿತವೇ ಇರುವುದಿಲ್ಲ. ಆಗ ಹಳೆಯ ಹಬ್ಬಿಗೇ (ಚಕ್ರದ ನಡುವಿನ ಗುಂಬಕ್ಕೆ) 700ಸಿ ಅಲ್ಯೂಮಿನಿಯಂ ರಿಮ್ ಕಟ್ಟಿಸಿ. ಹಬ್ಬಿನಲ್ಲಿ ಎಷ್ಟು ಕಡ್ಡಿ ಇವೆ ಎಣಿಸಿ, ಅಷ್ಟೇ ತೂತಿನ ರಿಮ್ ತರಬೇಕು. 630ರಿಂದ 622ಕ್ಕೆ ಬಂದರೆ ವ್ಯಾಸ 8 ಮಿಲಿಮೀಟರ್ ಕಡಿಮೆ. ಅಂದರೆ ಬ್ರೇಕ್ ರಬ್ಬರ್ 4 ಮಿಲಿಮೀಟರ್ ಕೆಳಗಿಳಿಯಬೇಕು. ಬ್ರೇಕಿನ ತೋಳಿನಲ್ಲಿ ಉದ್ದ ಸೀಳು ಇರುತ್ತದಲ್ಲ, ಅದರಲ್ಲಿ ಅಷ್ಟು ಜಾಗ ಉಳಿದಿದೆಯಾ ಅಂತ ರಿಮ್ ತರುವ ಮೊದಲೇ ಅಳೆದು ನೋಡಿ.

ಬ್ರೇಕ್ ಹಿಡಿಯದಿರುವುದಕ್ಕೆ ಬ್ರೇಕನ್ನೇ ಬಯ್ಯಬೇಡಿ. ಫೋಟೋದಲ್ಲಿರುವ ವೈನ್‌ಮನ್ ಬ್ರೇಕ್ ಒಳ್ಳೆಯದೇ. ರಬ್ಬರಿಗೆ 40 ವರ್ಷ ಆಗಿದೆ, ಉಗುರಿನಿಂದ ಒತ್ತಿ ನೋಡಿ, ಕಲ್ಲಾಗಿರುತ್ತದೆ. ಹೊಸ ರಬ್ಬರ್ ಹಾಕಿ. ಇಟ್ಟಿಗೆ ಬಣ್ಣದ ಕೂಲ್‌ಸ್ಟಾಪ್ ಸಿಕ್ಕರೆ ಅದನ್ನೇ ಹಾಕಿ, ಮಳೆಯಲ್ಲೂ ಹಿಡಿಯುತ್ತದೆ. ಕೇಬಲ್ ಬದಲಾಯಿಸುವಾಗ ಒಳಗಿನ ತಂತಿ ಮಾತ್ರ ಬದಲಿಸಿ ಸುಮ್ಮನಾಗಬೇಡಿ. ಹೊರಗಿನ ಕೊಳವೆಯೂ ಹೊಸದಾಗಲಿ. ಹಳೆಯದರ ಒಳಗೆ ಬರೀ ಕಬ್ಬಿಣದ ಸುರುಳಿ. ಹೊಸದರ ಒಳಗೆ ನುಣುಪಾದ ಪ್ಲಾಸ್ಟಿಕ್ ಪದರ ಇರುತ್ತದೆ. ನಿಮ್ಮ ಬೆರಳಿನ ಬಲ ಅರ್ಧ ದಾರಿಯಲ್ಲೇ ಕರಗಿಹೋಗುತ್ತಿರುವುದು ಆ ಹಳೆಯ ಕೊಳವೆಯಲ್ಲಿ. ತಂತಿ ತರುವಾಗ ತಲೆ ನೋಡಿ ತನ್ನಿ. ಅಂಗಡಿಗಳಲ್ಲಿ ಮಾಮೂಲಾಗಿ ಸಿಗುವುದು ಮೌಂಟನ್ ಬೈಕಿನದು, ಅದರ ತಲೆ ಪುಟ್ಟ ಡೋಲಿನ ಆಕಾರ. ರೇಸ್ ಸೈಕಲ್ಲಿನ ಲಿವರಿಗೆ ನೀರಿನ ಹನಿಯ ಆಕಾರದ ತಲೆ ಬೇಕು. ಡೋಲನ್ನು ಅರದಿಂದ ಉಜ್ಜಿ ಕೂರಿಸುತ್ತೇನೆ ಎಂದರೆ ಒಪ್ಪಬೇಡಿ.

ಇನ್ನೊಂದು. ನಿಮ್ಮ ಬ್ರೇಕ್ ಲಿವರಿಗೆ ಅಂಟಿಕೊಂಡು, ಹ್ಯಾಂಡಲಿನ ನೇರ ಭಾಗದ ಕೆಳಗೆ ಇನ್ನೊಂದು ಉದ್ದ ಲಿವರ್ ಇದೆ ನೋಡಿ. ಬಗ್ಗದೆ ಕೂತೇ ಬ್ರೇಕ್ ಹಿಡಿಯಲಿ ಅಂತ ಆಗ ಕೊಡುತ್ತಿದ್ದದ್ದು. ಅದನ್ನು ಬಿಚ್ಚಿ ಡಬ್ಬದಲ್ಲಿ ಹಾಕಿಡಿ. ಅದು ಬಾಗುತ್ತದೆ, ಮತ್ತು ಬ್ರೇಕ್ ಗಟ್ಟಿಯಾಗಿ ಹಿಡಿಯುವ ಮೊದಲೇ ಹ್ಯಾಂಡಲಿಗೆ ತಾಗಿ ನಿಂತುಬಿಡುತ್ತದೆ. ನಂದಿಯಿಂದ ಇಳಿಯುವಾಗ, ತಿರುವಿನಲ್ಲಿ ಎದುರಿಗೆ ಕಾರು ಬಂದಾಗ, ಅದು ಗೊತ್ತಾದರೆ ಏನು ಪ್ರಯೋಜನ? ಇಷ್ಟೆಲ್ಲ ಮಾಡಿದ ಮೇಲೂ ಸಮಾಧಾನ ಆಗದಿದ್ದರೆ ಎರಡು ಕೀಲಿನ ಹೊಸ ಬ್ರೇಕ್ ಹಾಕಿಸಿ. ಬ್ರೇಕಿನ ಬೋಲ್ಟಿನ ನಡುವಿನಿಂದ ರಿಮ್ಮಿನಲ್ಲಿ ರಬ್ಬರ್ ತಾಗುವ ಜಾಗದವರೆಗೆ ಅಳೆಯಿರಿ. 47ರಿಂದ 57 ಮಿಲಿಮೀಟರಿನದು, 55ರಿಂದ 73ರದು ಅಂತ ಎರಡು ಬಗೆ ಸಿಗುತ್ತವೆ. ಈಗಿನ ರೇಸ್ ಬೈಕುಗಳ ಗಿಡ್ಡ ಬ್ರೇಕ್ ನಿಮಗೆ ಎಟುಕುವುದಿಲ್ಲ.

ಈಗ ಗೇರ್ ಜಾರುವ ವಿಷಯಕ್ಕೆ ಬರೋಣ. ಮೂರು ಬೇರೆ ಬೇರೆ ರೋಗಗಳಿಗೆ ಜನ ಈ ಒಂದೇ ಮಾತು ಬಳಸುತ್ತಾರೆ. ಯಾವುದು ಅಂತ ಗುರುತಿಸದೆ ಸಾಮಾನು ಕೊಳ್ಳಬೇಡಿ.

ಓಡಿಸುತ್ತಿರುವಾಗ ಗೇರ್ ತನ್ನಷ್ಟಕ್ಕೇ ಸಣ್ಣ ಹಲ್ಲಿಗೆ ಹೋಗುತ್ತದೆ, ಪೈಪಿನ ಮೇಲಿನ ಲಿವರ್ ನೀವು ಮುಟ್ಟದಿದ್ದರೂ ನಿಧಾನವಾಗಿ ಮುಂದಕ್ಕೆ ಹೋಗಿರುತ್ತದೆ ಎಂದರೆ, ಲಿವರಿನ ಬಿಗಿ ಸಾಲದು. ಆ ಲಿವರಿನಲ್ಲಿ ಕಟ್ ಕಟ್ ಅನ್ನೋ ಹಂತಗಳಿಲ್ಲ. ಬರೀ ಉಜ್ಜುವಿಕೆಯಿಂದಲೇ ನಿಲ್ಲಬೇಕು. ಅದರ ಮೇಲಿನ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ. ಖರ್ಚು ಸೊನ್ನೆ. ಒಳಗಿನ ವಾಷರುಗಳಿಗೆ ಎಣ್ಣೆ ಮಾತ್ರ ಹಾಕಬೇಡಿ.

ಪೆಡಲ್ ತುಳಿದರೆ ಕೆಲವು ಸಲ ಪೂರ್ತಿ ಖಾಲಿ ತಿರುಗುತ್ತದೆ, ಚಕ್ರಕ್ಕೆ ಬಲವೇ ಹೋಗುವುದಿಲ್ಲ ಎಂದರೆ, ಫ್ರೀವೀಲಿನ ಒಳಗಿನ ಗ್ರೀಸ್ ಒಣಗಿ ಮೇಣವಾಗಿದೆ. ಒಳಗೆ ಸಣ್ಣ ನಾಲಿಗೆಗಳಿರುತ್ತವೆ, ಸ್ಪ್ರಿಂಗಿನಿಂದ ಎದ್ದು ಹಲ್ಲಿಗೆ ಸಿಕ್ಕಿಕೊಳ್ಳಬೇಕು. ಮೇಣದಲ್ಲಿ ಅವು ಅಂಟಿಕೊಂಡು ಮಲಗಿವೆ. ಅಟ್ಟದಿಂದ ಇಳಿದ ಸೈಕಲ್ಲಿಗೆ ಇದು ಮಾಮೂಲು. ಚಕ್ರ ಮಲಗಿಸಿ, ಫ್ರೀವೀಲಿನ ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವೆ ಒಂದು ಕೂದಲೆಳೆ ಸಂದು ಇರುತ್ತದೆ, ಅದಕ್ಕೆ ಸೀಮೆಎಣ್ಣೆ ಹನಿಸುತ್ತಾ ತಿರುಗಿಸಿ. ಕಂದು ಬಣ್ಣದ ಗಸಿ ಹೊರಗೆ ಬರುತ್ತದೆ. ತಿಳಿಯಾಗುವವರೆಗೂ ಹಾಕಿ. ಒಂದು ರಾತ್ರಿ ಬಿಟ್ಟು ಸೈಕಲ್ ಎಣ್ಣೆ ಹಾಕಿ. ಟಿಕ್ ಟಿಕ್ ಟಿಕ್ ಅಂತ ಮತ್ತೆ ಸದ್ದು ಬಂದಾಗ ಆಗುವ ಖುಷಿ ಬೇರೆ.

ಮೂರನೆಯದು, ಜೋರಾಗಿ ತುಳಿದಾಗ ಮಾತ್ರ, ಒಂದೆರಡು ಹಲ್ಲಿನ ಮೇಲೆ ಮಾತ್ರ ಚೈನ್ ಟಪ್ ಅಂತ ಹಾರುತ್ತದೆ. ಇದು ಸವೆತ. ನಿಮ್ಮ ಪತ್ರ ಓದಿದರೆ ಇದೇ ಅನ್ನಿಸುತ್ತದೆ, ಏಕೆಂದರೆ ಏರಿನಲ್ಲಿ ಮಾತ್ರ ಅಂದಿದ್ದೀರಿ. ಒಂದು ಅಡಿ ಸ್ಕೇಲ್ ತಗೊಂಡು ಚೈನಿನ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಡಿ. ಆ ಪಿನ್ ಬಿಟ್ಟು ಮುಂದಕ್ಕೆ ಎಣಿಸಿದರೆ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿನ ಮೇಲೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನ್ ಮುಗಿಯಿತು. ಎಂಟನೇ ಒಂದು ಭಾಗ ಹೋಗಿದ್ದರೆ ಫ್ರೀವೀಲಿನ ಹಲ್ಲೂ ತಿಂದುಹೋಗಿರುತ್ತದೆ, ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಬದಲಿಸುವುದೇ ಆದರೆ ಅದೇ ನಿಮ್ಮ ನಂದಿ ಬೆಟ್ಟದ ಟಿಕೆಟ್ಟು. ನಿಮ್ಮಲ್ಲಿ ಮುಂದೆ 52 ಮತ್ತು 42 ಹಲ್ಲು, ಹಿಂದೆ ದೊಡ್ಡದು 24 ಅಂತ ಫೋಟೋಗಳ ಜೊತೆ ಬರೆದಿದ್ದೀರಿ. 42ಕ್ಕೆ 24 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 3.75 ಮೀಟರ್ ಮುಂದೆ ಹೋಗಬೇಕು. ಬೆಟ್ಟದ ಬುಡದಿಂದ ಏಳೆಂಟು ಕಿಲೋಮೀಟರ್ ಏರು, ಮೇಲೆ ಹೋದರೆ 1,478 ಮೀಟರ್ ಎತ್ತರ. ಕಡಿದಾದ ತಿರುವಿನಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಈಗಿನ ಗೇರಿನಲ್ಲಿ ನಿಮಿಷಕ್ಕೆ 35 ಸುತ್ತು ತುಳಿಯುತ್ತೀರಿ. ಪ್ರತಿ ಸುತ್ತೂ ಮೆಟ್ಟಿಲು ಹತ್ತಿದ ಹಾಗೆ, ಮಂಡಿ ಹೋಗುತ್ತದೆ. ಹಿಂದೆ 28 ಹಲ್ಲಿದ್ದರೆ ಅದೇ ವೇಗಕ್ಕೆ 41 ಸುತ್ತು. 34 ಇದ್ದರೆ 50 ಸುತ್ತು. ನಲವತ್ತು ದಾಟಿದ ಮಂಡಿಗೆ ಅದು ದೊಡ್ಡ ವ್ಯತ್ಯಾಸ.

ಸಂತೋಷದ ವಿಷಯ ಏನಂದರೆ, ಈ ಫ್ರೀವೀಲಿಗೆ ಲಂಡನ್‌ವರೆಗೂ ಹುಡುಕಬೇಕಾಗಿಲ್ಲ. ಹೈಸ್ಕೂಲ್ ಹುಡುಗರು ಓಡಿಸುವ ಮಾಮೂಲಿ ಗೇರ್ ಸೈಕಲ್ಲಿನ ಫ್ರೀವೀಲೂ ನಿಮ್ಮ ಹಬ್ಬಿನ ಫ್ರೀವೀಲೂ ಒಂದೇ ಥ್ರೆಡ್. ಇಂಗ್ಲಿಷ್ ಸೈಕಲ್ ಆಗಿರುವುದರ ಪುಣ್ಯ ಇದು, ಹಳೆಯ ಫ್ರೆಂಚ್ ಸೈಕಲ್ ಆಗಿದ್ದರೆ ಥ್ರೆಡ್ಡೇ ಬೇರೆ ಇರುತ್ತಿತ್ತು. ಶಿಮಾನೊ ಕಂಪನಿಯ 6 ಗೇರಿನ 14ರಿಂದ 28 ಹಲ್ಲಿನದು ನಮ್ಮೂರುಗಳ ಅಂಗಡಿಯಲ್ಲೇ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಿಮ್ಮದೂ 6 ಗೇರ್ ಆದ್ದರಿಂದ ಅಗಲದ ತಂಟೆ ಇಲ್ಲ. ಅದನ್ನೇ ಮೊದಲು ಹಾಕಿ ನೋಡಿ. ಸಾಲದು ಅನ್ನಿಸಿದರೆ 34 ಹಲ್ಲಿನ 7 ಗೇರಿನದು ಇದೆ. ಅದು ಸ್ವಲ್ಪ ಅಗಲ. ಸಣ್ಣ ಹಲ್ಲಿನ ಮೇಲಿನ ಚೈನ್ ಫ್ರೇಮಿಗೆ ಉಜ್ಜುತ್ತದಾ ನೋಡಿ, ಉಜ್ಜಿದರೆ ಆಕ್ಸಲ್ಲಿಗೆ ಒಂದು ವಾಷರ್ ಸೇರಿಸಬೇಕು. 34ಕ್ಕೆ ನಿಮ್ಮ ಸನ್‌ಟೂರ್ ಡಿರೇಲರ್ (ಚೈನನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಎಟುಕದೇ ಇರಬಹುದು. ಆಗ ಉದ್ದ ತೋಳಿನ ಶಿಮಾನೊ ಟೂರ್ನಿ ಹಾಕಿ. ನಿಮ್ಮ ಲಿವರಿನಲ್ಲಿ ಹಂತಗಳಿಲ್ಲದ್ದರಿಂದ ಯಾವ ಕಂಪನಿಯ ಡಿರೇಲರ್ ಆದರೂ ಅದರ ಮಾತು ಕೇಳುತ್ತದೆ. ರೇಸ್ ಸೈಕಲ್ಲಿಗೆ ಶಿಮಾನೊದ ಹಂತದ ಗೇರ್ ಬಂದದ್ದೇ 1984ರಲ್ಲಿ, ಅದೂ ದುಬಾರಿ ಡ್ಯೂರಾ-ಏಸ್ ಸೆಟ್ಟಿನಲ್ಲಿ. ಹಂತ ಬಂದ ಮೇಲೆಯೇ ಇದಕ್ಕೆ ಅದು ಹೊಂದುವುದಿಲ್ಲ ಅನ್ನೋ ತಕರಾರು ಶುರುವಾಗಿದ್ದು. ನಿಮಗೆ ಆ ತಕರಾರಿಲ್ಲ.

ಮುಂದಿನ 42ನ್ನು ಚಿಕ್ಕದು ಮಾಡುವ ಆಸೆ ಬಂದರೆ, ಪೆಡಲ್ ಹಿಡಿಯುವ ತೋಳಿನ, ಅಂದರೆ ಕ್ರ್ಯಾಂಕಿನ, ಐದು ಬೋಲ್ಟುಗಳಲ್ಲಿ ಪಕ್ಕಪಕ್ಕದ ಎರಡರ ನಡುವಿನ ದೂರ ಅಳೆಯಿರಿ. ಸುಮಾರು 76 ಮಿಲಿಮೀಟರ್ ಇದ್ದರೆ 39 ಕೂರುತ್ತದೆ. ಸುಮಾರು 85 ಇದ್ದರೆ 41ಕ್ಕಿಂತ ಚಿಕ್ಕದು ಕೂರುವುದಿಲ್ಲ, ಅಲ್ಲಿಗೆ ಬಿಟ್ಟುಬಿಡಿ.

ಹಳೆಯ ಫ್ರೀವೀಲ್ ಬಿಚ್ಚುವುದು ಮಾತ್ರ ಎಚ್ಚರದ ಕೆಲಸ. ಇಲ್ಲಿ ನನ್ನ ಕೈ ಸುಟ್ಟಿದೆ, ಅದಕ್ಕೇ ವಿವರವಾಗಿ ಹೇಳುತ್ತೇನೆ. ನಿಮ್ಮ ಫ್ರೀವೀಲಿನ ನಡುವೆ ಎರಡೇ ಎರಡು ಕಚ್ಚು ಕಾಣುತ್ತಿವೆ. ಅದಕ್ಕೆ ಎರಡು ಹಲ್ಲಿನ ರಿಮೂವರ್ ಬೇಕು. ವರ್ಷಗಟ್ಟಲೆ ತುಳಿದ ಬಲವೆಲ್ಲ ಆ ಫ್ರೀವೀಲನ್ನು ಬಿಗಿ ಮಾಡುತ್ತಲೇ ಬಂದಿದೆ, ಹಾಗಾಗಿ ಅದು ಸುಲಭಕ್ಕೆ ಬರುವುದಿಲ್ಲ. ನಾನು ಮೊದಲ ಸಲ ರಿಮೂವರ್ ಇಟ್ಟು ದೊಡ್ಡ ಸ್ಪ್ಯಾನರ್ ಹಾಕಿ ಎಳೆದೆ. ರಿಮೂವರ್ ಜಾರಿತು, ಎರಡೂ ಕಚ್ಚು ಮುರಿದವು. ಆಮೇಲೆ ಫ್ರೀವೀಲಿನ ಮೇಲಿನ ತಟ್ಟೆಯನ್ನು ಉಲ್ಟಾ ತಿರುಗಿಸಿ ಬಿಚ್ಚಿ, ಸಾಸಿವೆಯಂತೆ ಚೆಲ್ಲಿದ ಸಣ್ಣ ಬಾಲ್‌ಗಳನ್ನೆಲ್ಲ ಗುಡಿಸಿ, ಒಳಗಿನ ದಿಮ್ಮಿಯನ್ನು ವೈಸಿನಲ್ಲಿ ಕಚ್ಚಿಸಿ ತಿರುಗಿಸಬೇಕಾಯಿತು. ಒಂದು ಇಡೀ ಭಾನುವಾರ ಹೋಯಿತು, ಆ ಫ್ರೀವೀಲೂ ಹೋಯಿತು.

ಸರಿಯಾದ ದಾರಿ ಹೀಗೆ. ಹಿಂದಿನ ದಿನವೇ ಥ್ರೆಡ್ಡಿಗೆ ಇಳಿಯುವ ಹಾಗೆ ತೆಳು ಎಣ್ಣೆ ಹಾಕಿ. ರಿಮೂವರ್ ಕಚ್ಚಿನಲ್ಲಿ ಕೂರಿಸಿದ ಮೇಲೆ, ಚಕ್ರವನ್ನು ಫ್ರೇಮಿಗೆ ಬಿಗಿಯುವ ಕ್ವಿಕ್ ರಿಲೀಸ್ ಕಡ್ಡಿಯನ್ನೇ ಅದರ ಮೂಲಕ ತೂರಿಸಿ ನಟ್ ಹಾಕಿ ಬಿಗಿ ಮಾಡಿ. ರಿಮೂವರ್ ಈಗ ಎದ್ದು ಬರಲಾರದು. ಚಕ್ರ ತಗೊಂಡು ಯಾವುದಾದರೂ ಲೇತ್ ಅಂಗಡಿಗೆ ಹೋಗಿ. ರಿಮೂವರನ್ನು ವೈಸಿನಲ್ಲಿ ಕಚ್ಚಿಸಿ, ಚಕ್ರ ಮೇಲೆ ಮಲಗಿರಲಿ. ಈಗ ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಲಾರಿ ಸ್ಟೇರಿಂಗ್ ತಿರುಗಿಸಿದ ಹಾಗೆ ಎಡಕ್ಕೆ ತಿರುಗಿಸಿ. ಟಕ್ ಅಂತ ಒಂದು ಸದ್ದು ಬರುತ್ತದೆ. ಅಲ್ಲೇ ನಿಲ್ಲಿ. ಕಡ್ಡಿಯ ನಟ್ಟನ್ನು ಸಡಿಲ ಮಾಡಿ, ಆಮೇಲೆ ಮುಂದಕ್ಕೆ ತಿರುಗಿಸಿ. ಸಡಿಲ ಮಾಡದೆ ತಿರುಗಿಸಿದರೆ ಕಡ್ಡಿಯೇ ಮುರಿಯುತ್ತದೆ. ಹೊಸದನ್ನು ಹಾಕುವಾಗ ಹಬ್ಬಿನ ಥ್ರೆಡ್ಡಿಗೆ ಧಾರಾಳವಾಗಿ ಗ್ರೀಸ್ ಹಚ್ಚಿ. ಹಬ್ ಅಲ್ಯೂಮಿನಿಯಂ, ಫ್ರೀವೀಲ್ ಉಕ್ಕು, ವಾರೆಯಾಗಿ ಹತ್ತಿದರೆ ಹಬ್ಬಿನ ಥ್ರೆಡ್ ಹೋಗುತ್ತದೆ. ಬೆರಳಲ್ಲೇ ಮೂರು ಸುತ್ತು ಹೋಗಬೇಕು.

ಹೊಸ ಫ್ರೀವೀಲ್ ಕೂತ ಮೇಲೆ, ಓಡಿಸುವ ಮೊದಲು, ಡಿರೇಲರ್ ಎಷ್ಟು ದೂರ ಸರಿಯಬಹುದು ಅಂತ ಮಿತಿ ಹಾಕುವ ಎರಡು ಸಣ್ಣ ಸ್ಕ್ರೂ ಸರಿಮಾಡಲೇಬೇಕು. ಒಳಗಡೆಯ ಮಿತಿ ತಪ್ಪಿದರೆ ಏರಿನಲ್ಲಿ ಡಿರೇಲರ್ ಕಡ್ಡಿಗಳೊಳಗೆ ನುಗ್ಗುತ್ತದೆ. ಚಕ್ರ, ಡಿರೇಲರ್, ಕೆಲವು ಸಲ ಫ್ರೇಮಿನ ತುದಿ, ಮೂರೂ ಒಂದೇ ಕ್ಷಣದಲ್ಲಿ ಹೋಗುತ್ತವೆ. ಚೈನ್ ತರುವಾಗ 6, 7, 8 ಗೇರಿಗೆ ಅಂತ ಬರೆದಿರುವುದನ್ನೇ ತನ್ನಿ. ಹಾಲಿನವರ ಸೈಕಲ್ ಚೈನ್ ಅಗಲ, ಬರುವುದಿಲ್ಲ. ಎರಡೂ ಕಡೆ ದೊಡ್ಡ ಹಲ್ಲಿನ ಮೇಲೆ ಚೈನ್ ಸುತ್ತಿ ನೋಡಿಯೇ ಉದ್ದ ಕತ್ತರಿಸಿ.

ಚಕ್ರ ಹೊರಗಿರುವಾಗಲೇ ಹಬ್ ನೋಡಿಬಿಡಿ. ಆಕ್ಸಲ್ಲನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ. ಬೆಲ್ಲದ ಪಾಕದಲ್ಲಿ ತಿರುಗಿದ ಹಾಗಿದ್ದರೆ ಗ್ರೀಸ್ ಗಟ್ಟಿಯಾಗಿದೆ, ಚಿಂತೆ ಇಲ್ಲ. ಮರಳು ಸಿಕ್ಕ ಹಾಗೆ ಕರಕರ ಅಂದರೆ ಬಾಲ್‌ಗಳನ್ನು ಒತ್ತಿ ಹಿಡಿಯುವ ಕೋನ್ ತಿಂದಿದೆ. ಬಿಚ್ಚಲು ತೆಳು ಸ್ಪ್ಯಾನರ್ ಬೇಕು, ಮುಂದಕ್ಕೆ ಸಾಮಾನ್ಯವಾಗಿ 13, ಹಿಂದಕ್ಕೆ 15. ಕೆಳಗೆ ಹಳೇ ಪಂಚೆ ಹಾಸಿಕೊಂಡು ಬಿಚ್ಚಿ. ಬಿದ್ದ ಬಾಲ್ ಎಣಿಸಿ. ಹಿಂದೆ ಒಂದೊಂದು ಕಡೆ ಕಾಲಿಂಚಿನ 9 ಬಾಲ್ ಇರುತ್ತವೆ. ಎಲ್ಲವನ್ನೂ ಹೊಸದಾಗಿ ಹಾಕಿ, ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತವೆ. ಹಳೆಯದು ಹೊಸದು ಬೆರೆಸಬೇಡಿ. ಸೀಮೆಎಣ್ಣೆಯಲ್ಲಿ ತೊಳೆದ ಕೋನನ್ನು ಬೆಳಕಿಗೆ ಹಿಡಿಯಿರಿ. ಬಾಲ್ ಓಡುವ ದಾರಿ ಕನ್ನಡಿಯಂತೆ ಹೊಳೆಯಬೇಕು. ಸಿಡುಬಿನ ಕಲೆಯಂಥ ಗುಳಿ ಕಂಡರೆ ಕೋನ್ ಬದಲಿಸಿ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಥ್ರೆಡ್ ತಾಳೆ ನೋಡಿಯೇ ತನ್ನಿ. ಲೇತಿನಲ್ಲಿ ಮಾಡಿಸಬೇಡಿ, ಮೆತ್ತನೆ ಕಬ್ಬಿಣದಲ್ಲಿ ಕೊರೆದದ್ದು ನಾಲ್ಕು ದಿನ ಬಾಳುವುದಿಲ್ಲ.

ಹಿಂದಿನ ಆಕ್ಸಲ್ಲನ್ನು ಗಾಜಿನ ಮೇಲೆ ಉರುಳಿಸಿ ನೋಡಿ. ಈ ಬಗೆಯ ಹಬ್ಬಿನಲ್ಲಿ ಬಲಗಡೆ ಬಾಲ್ ಕೂರುವ ಜಾಗ ಫ್ರೇಮಿನಿಂದ ತುಂಬ ಒಳಗಿರುತ್ತದೆ, ಆಕ್ಸಲ್ ಅಲ್ಲೇ ಬಾಗುವುದು. ಗ್ಯಾರೇಜಿನಲ್ಲಿ ಸಿಗುವ ಲಿಥಿಯಂ ಗ್ರೀಸ್ ಸಾಕು. ಕೋನ್ ಬಿಗಿ ಮಾಡುವಾಗ ಒಂದು ಗುಟ್ಟಿದೆ. ಚಕ್ರ ಕೈಯಲ್ಲಿದ್ದಾಗ ಆಕ್ಸಲ್ಲಿನಲ್ಲಿ ಒಂದೇ ಒಂದು ಚೂರು ಅಲುಗಾಟ ಬಿಡಿ. ಫ್ರೇಮಿಗೆ ಹಾಕಿ ಕ್ವಿಕ್ ರಿಲೀಸ್ ಬಿಗಿದಾಗ ಆಕ್ಸಲ್ ಅಷ್ಟು ಒತ್ತಿಕೊಳ್ಳುತ್ತದೆ, ಅಲುಗಾಟ ತಾನೇ ಹೋಗುತ್ತದೆ.

ಹ್ಯಾಂಡಲ್ ವಿಷಯದಲ್ಲಿ ನನ್ನದು ಹಠ. ನೋಡಲು ಚೆನ್ನಾಗಿದ್ದರೂ ಹ್ಯಾಂಡಲನ್ನೂ ಅದನ್ನು ಹಿಡಿಯುವ ಸ್ಟೆಮ್ಮನ್ನೂ ಬದಲಿಸಿ. ಎರಡೂ ಅಲ್ಯೂಮಿನಿಯಂ. ಉಕ್ಕು ದಣಿದರೆ ಸಾಮಾನ್ಯವಾಗಿ ಬಾಗಿ, ಕಿರುಗುಟ್ಟಿ ಹೇಳುತ್ತದೆ. ಅಲ್ಯೂಮಿನಿಯಂ ಒಳಗೊಳಗೇ ಬಿರುಕು ಬಿಟ್ಟು ಒಂದು ದಿನ ತುಂಡಾಗುತ್ತದೆ. ದೊಡ್ಡಪ್ಪನವರು ಎಷ್ಟು ಓಡಿಸಿದ್ದರು, ಎಷ್ಟು ಸಲ ಬಿದ್ದಿದ್ದರು, ಟೇಪಿನ ಕೆಳಗೆ ಬೆವರು ಎಷ್ಟು ತಿಂದಿದೆ, ನಮಗೆ ಗೊತ್ತಿಲ್ಲ ಅಲ್ವಾ? ನಿಮ್ಮ ಫೋರ್ಕಿಗೆ 22.2 ಮಿಲಿಮೀಟರಿನ ಸ್ಟೆಮ್ ಬರಬೇಕು. ಹ್ಯಾಂಡಲ್ ಕೂರುವ ಜಾಗ 25.4, 26 ಅಂತ ಬೇರೆ ಬೇರೆ ಇರುವುದರಿಂದ ಎರಡನ್ನೂ ಜೊತೆಯಾಗಿ ಕೊಳ್ಳಿ. ಹಳೆಯದನ್ನು ತೆಗೆಯುವಾಗ ಮೇಲಿನ ಬೋಲ್ಟನ್ನು ಪೂರ್ತಿ ಬಿಚ್ಚಬೇಡಿ. ಮೂರು ನಾಲ್ಕು ಸುತ್ತು ಸಡಿಲಿಸಿ, ಮರದ ತುಂಡು ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿ. ಒಳಗಿನ ಬೆಣೆ ಬಿಡುತ್ತದೆ. ಸೀಟಿನ ಕಂಬ ಅಂಟಿಕೊಂಡಿದ್ದರೆ ನಾಲ್ಕೈದು ದಿನ ಎಣ್ಣೆ ಹಾಕುತ್ತಾ ಕಾಯಿರಿ. ಅವಸರ ಮಾಡಿದರೆ ಫ್ರೇಮೇ ತಿರುಚಿಕೊಳ್ಳುತ್ತದೆ.

11 ಸ್ಪೀಡ್ ಯಾಕೆ ಬೇಡ ಅಂತಲೂ ಹೇಳಿಬಿಡುತ್ತೇನೆ. ನಿಮ್ಮ ಫ್ರೇಮಿನ ಹಿಂಭಾಗದ ಅಗಲ 126 ಮಿಲಿಮೀಟರ್ ಇರಬೇಕು. ರಿಮ್ ಬ್ರೇಕಿನ 11 ಸ್ಪೀಡ್ ಹಬ್ 130. ಉಕ್ಕಾದ್ದರಿಂದ ಒಂದೊಂದು ಕಡೆ 2 ಮಿಲಿಮೀಟರ್ ಅಗಲಿಸಬಹುದು, ಗೊತ್ತಿರುವವರು ಮಾಡಿದರೆ ತೊಂದರೆ ಇಲ್ಲ. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮಿಗೆ ಇದನ್ನು ಯಾವತ್ತೂ ಮಾಡಬಾರದು. ಆದರೆ ಹಬ್ ಬದಲಾದರೆ ಚಕ್ರ ಬದಲಾಗುತ್ತದೆ. ಚಕ್ರ ಬದಲಾದರೆ ಬ್ರೇಕ್. ಚೈನ್ ತೆಳುವಾದ್ದರಿಂದ ಮುಂದಿನ ಕ್ರ್ಯಾಂಕ್. ಲಿವರ್ ಹ್ಯಾಂಡಲಿಗೆ ಬಂದರೆ ಪೈಪಿನ ಮೇಲೆ ಕೇಬಲ್ ತಡೆಯಲು ಬೇರೆ ಗುಂಡಿ. ಕೊನೆಗೆ ದೊಡ್ಡಪ್ಪನದ್ದು ಅಂತ ಉಳಿಯುವುದು ನಾಲ್ಕು ಪೈಪು. ಬ್ರೇಕಿನ ಮೇಲೆ ಕೈಯಿಟ್ಟುಕೊಂಡೇ ಗೇರ್ ಬದಲಿಸುವ ಅನುಕೂಲ ಬೇಕೇ ಬೇಕು ಅಂದರೆ 8 ಗೇರಿನ ಶಿಮಾನೊ ಕ್ಲಾರಿಸ್ ಸಾಕು. ಅದನ್ನೂ ಒಂದು ವರ್ಷ ಹೀಗೇ ಓಡಿಸಿ ನೋಡಿದ ಮೇಲೆ ಯೋಚಿಸಿ.

ಉಳಿದದ್ದು ಎರಡು ಪೆಡಲುಗಳ ನಡುವಿನ ಬಿಬಿ (ಬಾಟಮ್ ಬ್ರ್ಯಾಕೆಟ್) ಆಕ್ಸಲ್. ಕ್ರ್ಯಾಂಕ್ ಹಿಡಿದು ಅಕ್ಕಪಕ್ಕ ಅಲುಗಾಡಿಸಿ. ಅಲುಗಾಡದಿದ್ದರೆ, ಸದ್ದಿಲ್ಲದಿದ್ದರೆ, ಈ ವರ್ಷ ಅದನ್ನು ಮುಟ್ಟಬೇಡಿ. ಬಿಚ್ಚಲೇಬೇಕಾದರೆ ಬಲಗಡೆಯ ಕಪ್ ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಎಷ್ಟೋ ಜನ ಬಿಚ್ಚುತ್ತಿದ್ದೇವೆ ಅಂದುಕೊಂಡು ಬಿಗಿ ಮಾಡಿ ಕಪ್ ಒಡೆದಿದ್ದಾರೆ. ರಾಲೆಯವರಲ್ಲಿ ಇನ್ನೊಂದು ತೊಡಕಿದೆ. ಬೇರೆ ಇಂಗ್ಲಿಷ್ ಸೈಕಲ್ಲುಗಳಲ್ಲಿ ಈ ಥ್ರೆಡ್ ಇಂಚಿಗೆ 24. ರಾಲೆಯವರು ತಮ್ಮ ಕಾರ್ಖಾನೆಯ ಹಳೆಯ ಮಾಮೂಲಿ ಸೈಕಲ್ಲುಗಳಿಗೆ ತಮ್ಮದೇ 26ರ ಥ್ರೆಡ್ ಹಾಕುತ್ತಿದ್ದರು. 531 ಫ್ರೇಮಿನಲ್ಲಿ 24 ಇರುವ ಸಾಧ್ಯತೆಯೇ ಜಾಸ್ತಿ, ಆದರೂ ನೋಡಿಕೊಳ್ಳೋಣ. ಆ ಅಡ್ಡ ಪೈಪಿನ ಅಗಲವನ್ನು ಅಂಚಿನಿಂದ ಅಂಚಿಗೆ, ಕಪ್ ಬಿಟ್ಟು, ಸ್ಕೇಲಿನಲ್ಲಿ ಅಳೆಯಿರಿ. 68 ಮಿಲಿಮೀಟರ್ ಬಂದರೆ ಮಾಮೂಲಿ 24, ಮುಂದೆ ಬೇಕಾದಾಗ ಸೀಲ್ ಆದ ಹೊಸ ಬಿಬಿ ಸುಲಭವಾಗಿ ಹಾಕಬಹುದು. 71 ಅಥವಾ 76 ಬಂದರೆ ರಾಲೆಯ ಸ್ವಂತ ಥ್ರೆಡ್, ಆ ಕಪ್ಪುಗಳನ್ನು ಕಣ್ಣಿನ ಹಾಗೆ ಕಾಪಾಡಿಕೊಳ್ಳಬೇಕು. ಅಳತೆ ಬರೆದು, ಕಪ್ಪಿನ ಮೇಲಿನ ಅಕ್ಷರ ಕಾಣುವ ಹಾಗೆ ಒಂದು ಫೋಟೋ ಕಳಿಸಿ. ಯಾವ ಉದ್ದದ ಆಕ್ಸಲ್ ಬರುತ್ತದೆ ಅಂತ ನೋಡಿ ಹೇಳುತ್ತೇನೆ.